ಹೊಸ ಟೈರು ಹೆರೆದು ಕೊಡಲಾಗುವುದು

ಸವೆದ ಟೈರಿಗೆ ರೀಸೋಲ್ ಮಾಡಿಸಿ ಇನ್ನೂ ಒಂದಷ್ಟು ಸಾವಿರ ಕಿಲೋಮೀಟರ್ ಎಳೆಯುವ ಜನ ನಾವು. ಕ್ಯಾಲಿಫೋರ್ನಿಯಾದಲ್ಲಿ ಹೊಚ್ಚಹೊಸ ಟೈರನ್ನು ಯಂತ್ರಕ್ಕೆ ಸಿಕ್ಕಿಸಿ, ಗಿರಗಿರನೆ ತಿರುಗಿಸಿ, ಮೇಲಿನ ರಬ್ಬರನ್ನು ಹೆರೆದು, ಸವೆದ ಟೈರಾಗಿ ಮಾಡಿಕೊಡುವ ಅಂಗಡಿಗಳಿವೆ. ಅದಕ್ಕೆ ಟೈರೊಂದಕ್ಕೆ ಇಷ್ಟು ಎಂದು ಮಜೂರಿಯೂ ಇದೆ. ಅಲ್ಲಿ ಹವ್ಯಾಸಕ್ಕೆ ಕಾರ್ ರೇಸು ಓಡಿಸುವ ನನ್ನ ಅಕ್ಕನ ಮಗ ರಸೀದಿಯನ್ನೇ ತೋರಿಸಿದ. ಶ್ಯಾವಿಗೆ ಒತ್ತಿದಂತೆ ಕಪ್ಪು ಎಳೆಗಳು ಕೆಳಗೆ ಸುರಿಯುತ್ತಿದ್ದ ವಿಡಿಯೊವನ್ನೂ ತೋರಿಸಿದ. ತಾನೇ ದುಡ್ಡು ಕೊಟ್ಟು ಕೊಂಡ ರಬ್ಬರು ಕಸವಾಗುವುದನ್ನು ಅಷ್ಟು ಸಂತೋಷದಿಂದ ನೋಡಿದವರನ್ನು ನಾನು ಕಂಡಿರಲಿಲ್ಲ.

ಕಾರಣ ಕೇಳಿದರೆ ನಿಯಮ ಎಂದ. ಅವನು ಸ್ಪರ್ಧಿಸುವ ವರ್ಗದಲ್ಲಿ ರಸ್ತೆಗೆ ಅನುಮತಿ ಪಡೆದ ಟೈರನ್ನೇ ಹಾಕಬೇಕಂತೆ. ಆದರೆ ರಸ್ತೆ ಟೈರಿನ ಆಳವಾದ ಗೀರುಗಳ ನಡುವಿನ ರಬ್ಬರ್ ಗಟ್ಟಿಗಳು ರೇಸಿನ ಬಿಸಿಗೆ ತೊನೆದಾಡುತ್ತವೆ, ಚೂರುಚೂರಾಗಿ ಕಿತ್ತು ಬರುತ್ತವೆ. ಹಾಗಾಗಿ ನಿಯಮಕ್ಕೆ ತಲೆಬಾಗಿ ರಸ್ತೆ ಟೈರು ಕೊಳ್ಳುವುದು, ಆಮೇಲೆ ಅದರಲ್ಲಿರುವ ರಸ್ತೆಯ ಅಂಶವನ್ನೆಲ್ಲ ಹೆರೆದು ಹಾಕುವುದು. ಎರಡೂ ಕಡೆ ವ್ಯಾಪಾರ. ಎಂಥ ಸುಂದರ ವ್ಯವಸ್ಥೆ!

ಅಮೆರಿಕದ ಹವ್ಯಾಸಿ ರೇಸುಗಳ ದೊಡ್ಡಣ್ಣ ಎಸ್‌ಸಿಸಿಎ, ಅಂದರೆ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ. 1944ರಲ್ಲಿ ಹುಟ್ಟಿದ್ದು. ಅದರಲ್ಲಿ ಸ್ಪೆಕ್ ಮಿಯಾಟಾ ಎಂಬ ವರ್ಗವಿದೆ. ಮಜ್ದಾ ಕಂಪನಿ 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಬಿಟ್ಟ ಎರಡೇ ಸೀಟಿನ ಪುಟ್ಟ ಕಾರಿಗೆ ಅದು ಮೀಸಲು. ಎಲ್ಲರಿಗೂ ಅದೇ ಕಾರು, ಅದೇ ಸ್ಪ್ರಿಂಗು, ಅದೇ ಟೈರು. ದುಡ್ಡಿದ್ದವನಲ್ಲ, ಓಡಿಸಲು ಬಲ್ಲವನು ಗೆಲ್ಲಲಿ ಎಂಬ ಆಶಯ. ಬಡವರ ರೇಸು ಎಂದು ಶುರುವಾದದ್ದು. ಮೂಲಸೂತ್ರವೂ ಸರಳ: ಮಾಡಬಹುದು ಎಂದು ಪುಸ್ತಕದಲ್ಲಿ ಬರೆದಿಲ್ಲವೆಂದರೆ ಮಾಡುವಂತಿಲ್ಲ.

ಸರಿ, ಮಾಡಬಹುದು ಎಂದು ಬರೆದದ್ದನ್ನು ನೋಡೋಣ. ಕಾರಿನೊಳಗೆ ಕಾರ್ಪೆಟ್ಟಿನ ಅಡಿ, ಸದ್ದು ಅಡಗಿಸಲೆಂದು ತಗಡಿಗೆ ಅಂಟಿಸಿದ ಡಾಂಬರಿನಂಥ ಪದರವಿರುತ್ತದೆ. ಅದನ್ನು ಕೀಳಬಹುದು. ಕೀಳುವುದಕ್ಕೆ ಡ್ರೈ ಐಸ್ ತರಬೇಕು. ಹೊಗೆಯಾಡುವ ಆ ತುಂಡುಗಳನ್ನು ದಪ್ಪ ಕೈಗವಸು ತೊಟ್ಟು ನೆಲದ ಮೇಲೆ ಹರಡಿ, ಪದರ ಗಾಜಿನಷ್ಟು ಪೆಡಸಾದ ಮೇಲೆ ಸುತ್ತಿಗೆಯಿಂದ ತಟ್ಟಬೇಕು. ಟಣ್ ಎಂದು ಚಕ್ಕೆ ಎದ್ದು ಬರುತ್ತದೆ. ಮೂಲೆಗಳಲ್ಲಿ ಉಳಿದದ್ದನ್ನು ಉಳಿಯಿಂದ ಕೆರೆಯಬೇಕು. ವಾರಾಂತ್ಯಗಳು ಹೀಗೇ ಕಳೆಯುತ್ತವೆ. ಕೊನೆಗೆ ಅಕ್ಕನ ಮಗ ಕಿತ್ತದ್ದನ್ನೆಲ್ಲ ಬಕೆಟ್ಟಿಗೆ ತುಂಬಿ ತೂಗಿ, ಇಷ್ಟು ಕಿಲೋ ಇಳಿಯಿತು ಎಂದು ಹೆಂಡತಿಯನ್ನು ಕರೆದು ತೋರಿಸುತ್ತಾನೆ. ಅವಳು ಪಾಪ, ತೂಕ ಇಳಿಸುವ ಮಾತು ಕೇಳಿ ಬೇರೇನೋ ಅಂದುಕೊಂಡು ಬಂದಿರುತ್ತಾಳೆ.

ಆಮೇಲೆ? ರೇಸು ಮುಗಿದ ಕೂಡಲೇ ಚಾಲಕನ ಸಮೇತ ಕಾರನ್ನು ತೂಗುತ್ತಾರೆ. ಕನಿಷ್ಠ ತೂಕಕ್ಕಿಂತ ಕಡಿಮೆಯಾದರೆ ಗೆಲುವು ಹೋಯಿತು. ನಮ್ಮ ಹುಡುಗ ಮೊದಲೇ ಸಣಕಲ. ಆದ್ದರಿಂದ ಸೀಸದ ಗಟ್ಟಿಗಳನ್ನು ಕೊಂಡು ತಂದು, ಅದೇ ನೆಲಕ್ಕೆ ತೂತು ಕೊರೆದು, ಬೋಲ್ಟ್ ಬಿಗಿಯುತ್ತಾನೆ. ಪುಕ್ಕಟೆಯಾಗಿ ಅಲ್ಲೇ ಇದ್ದ ಭಾರವನ್ನು ಸುತ್ತಿಗೆಯಿಂದ ಒಡೆದು ತೆಗೆದು, ಬೆಲೆ ಕೊಟ್ಟು ಬೇರೆ ಭಾರ ಹೊರಿಸುವುದು. ಬೇಕಾದ ಜಾಗದಲ್ಲಿ, ತಗ್ಗಿನಲ್ಲಿ ಕೂರಿಸಬಹುದಲ್ಲ ಎಂಬುದು ಅದರ ಹಿಂದಿನ ವಿಜ್ಞಾನ. ಒಪ್ಪಿದೆ. ಆದರೂ ತೂಕ ಸಾಲದೇ ಹೋದೀತೆಂಬ ಭಯವಿದ್ದರೆ ಇನ್ನೊಂದು ಉಪಾಯವಿದೆಯಂತೆ. ರೇಸು ಮುಗಿದು ನಿಧಾನವಾಗಿ ಬರುವ ಸುತ್ತಿನಲ್ಲಿ ಟ್ರ್ಯಾಕಿನ ಅಂಚಿಗೆ ಇಳಿದು, ಬೇರೆಯವರ ಟೈರಿನಿಂದ ಉದುರಿದ ರಬ್ಬರಿನ ಚೂರುಗಳನ್ನು ತನ್ನ ಬಿಸಿ ಟೈರಿಗೆ ಮೆತ್ತಿಸಿಕೊಂಡು ಬರುವುದು. ದುಡ್ಡು ಕೊಟ್ಟು ಹೆರೆಸಿದ ರಬ್ಬರು ನೆನಪಿದೆಯಲ್ಲ?

ಇದೇ ಕ್ಲಬ್ಬಿನ ಇಂಪ್ರೂವ್ಡ್ ಟೂರಿಂಗ್, ಅಂದರೆ ಅಲ್ಪಸ್ವಲ್ಪ ಬದಲಿಸಿದ ರಸ್ತೆ ಕಾರುಗಳ ವರ್ಗದ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಗಾಜು ತೊಳೆಯುವ ನೀರಿನ ಬಾಟಲಿಯ ಬಗ್ಗೆ ನಡೆದ ಚರ್ಚೆಯನ್ನು ನಮ್ಮ ವಿಧಾನಸಭೆಯೂ ಮೀರಿಸಲಾರದು. ತೆಗೆಯಬಹುದು ಎಂದು ಬರೆದಿರಲಿಲ್ಲ, ಆದ್ದರಿಂದ ತೆಗೆಯುವಂತಿರಲಿಲ್ಲ. ಅದೇ ವರ್ಗದಲ್ಲಿ ಒಂದು ಕಾಲಕ್ಕೆ, ಇಂಜಿನ್ನಿನ ಕಂಪ್ಯೂಟರನ್ನು ಬದಲಿಸಿಕೊಳ್ಳಿ, ಆದರೆ ಎಲ್ಲವೂ ಕಂಪನಿಯ ಮೂಲ ಡಬ್ಬಿಯೊಳಗೇ ಇರಬೇಕು ಎಂಬ ನಿಯಮವಿತ್ತು. ಬಡಪಾಯಿಗಳನ್ನು ಕಾಪಾಡಲು ಮಾಡಿದ್ದು. ಆದದ್ದೇನು? ದುಡ್ಡಿದ್ದವರು ಮೊಟೆಕ್ ಎಂಬ ದುಬಾರಿ ರೇಸಿಂಗ್ ಕಂಪ್ಯೂಟರಿನ ಹೊಟ್ಟೆ ಬಗೆದು, ಅದನ್ನು ಹಳೆಯ ಡಬ್ಬಿಯೊಳಗೆ ತುರುಕಿದರು. ಡಬ್ಬಿ ಮೂಲದ್ದೇ. ಪರಿಶೀಲಕರು ಡಬ್ಬಿ ನೋಡಿದರು, ನಮಸ್ಕಾರ ಹೊಡೆದರು.

ನಮ್ಮ ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಲಗುನಾ ಸೆಕಾ ಟ್ರ್ಯಾಕಿನಲ್ಲಿ ಅಂಥ ಒರಟುತನವಿಲ್ಲ. ಸುತ್ತಲಿನ ನಿವಾಸಿಗಳ ಕಿವಿಯ ಸಲುವಾಗಿ ಸದ್ದಿಗೆ ಡೆಸಿಬಲ್ ಮಿತಿಯಿದೆ, ಅಳೆಯಲು ಟ್ರ್ಯಾಕಿನ ಪಕ್ಕದಲ್ಲಿ ಮಾಪಕವಿದೆ. ಅದಕ್ಕೆ ಹವ್ಯಾಸಿಗಳು ಕಂಡುಕೊಂಡ ಪರಿಹಾರ, ಹೊಗೆ ಕೊಳವೆಯ ತುದಿಗೊಂದು ಬಾಗಿದ ತುಂಡು ಸೇರಿಸಿ ಬಾಯನ್ನು ಮಾಪಕಕ್ಕೆ ವಿರುದ್ಧ ದಿಕ್ಕಿಗೆ ತಿರುಗಿಸುವುದು. ಸದ್ದು ಇನ್ನೊಂದು ಕಡೆಯವರಿಗೆ ಹೋಗುತ್ತದೆ; ಅಲ್ಲಿ ಮಾಪಕವಿಲ್ಲ.

ಅದೇ ಲಗುನಾ ಸೆಕಾದಲ್ಲಿ 2014ರ ರಾಷ್ಟ್ರೀಯ ಫೈನಲ್ ನಡೆದಾಗ ಸ್ಪೆಕ್ ಮಿಯಾಟಾದ ಮುಂಚೂಣಿಯ ಕಾರುಗಳ ಇಂಜಿನ್ ಬಿಚ್ಚಿ, ಸಿಲಿಂಡರ್ ಹೆಡ್ಡಿನಲ್ಲಿ ವಾಲ್ವಿನ ಬುಡದ ಒಂದು ಚೂಪು ಅಂಚನ್ನು ನಯ ಮಾಡಿದ್ದಾರೆಂದು ಹಲವರನ್ನು ಅನರ್ಹಗೊಳಿಸಿದರು. ಬೆರಳಿಟ್ಟು ಸವರಿದರಷ್ಟೇ ತಿಳಿಯುವ ಅಂಚು. ಆಮೇಲೆ ನಿಯಮವನ್ನೇ ತಿದ್ದಿದರು.

ಇಷ್ಟು ಹೊತ್ತು ನಗುತ್ತಲೇ ಬರೆದೆ. ಆದರೆ ಅಕ್ಕನ ಮಗನ ಜೊತೆ ಟ್ರ್ಯಾಕಿಗೆ ಹೋದಾಗ ಪಕ್ಕದ ಜಾಗದಲ್ಲಿ ಒಬ್ಬನನ್ನು ನೋಡಿದೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅಂತೆ. ಹಳೆಯ ಪಿಕಪ್ಪಿಗೆ ಬಾಡಿಗೆ ಟ್ರೇಲರ್ ಕಟ್ಟಿಕೊಂಡು ಬಂದಿದ್ದ. ಅದೇ ಮಾದರಿಯ ಕಾರು, ಬೇರೆಯವರು ಬಿಸಾಡಿದ ಟೈರು. ಚೆನ್ನಾಗಿ ಓಡಿಸುತ್ತಿದ್ದ, ತಿರುವುಗಳಲ್ಲಿ ಎಲ್ಲರನ್ನೂ ಹಿಡಿಯುತ್ತಿದ್ದ, ನೇರ ದಾರಿಯಲ್ಲಿ ಎಲ್ಲರೂ ಅವನನ್ನು ಬಿಟ್ಟು ಹೋಗುತ್ತಿದ್ದರು. ಮುಂದಿದ್ದವರ ಇಂಜಿನ್ನುಗಳೆಲ್ಲ ಪರಿಣತರ ಕೈಯಲ್ಲಿ, ನಿಯಮ ಬಿಟ್ಟುಕೊಟ್ಟ ಕೂದಲೆಳೆಯಷ್ಟು ಜಾಗವನ್ನೂ ಬಿಡದೆ ಕಟ್ಟಿಸಿದವು. ಒಂದೊಂದರ ಬೆಲೆ ಅವನ ಇಡೀ ಕಾರಿಗಿಂತ ಹೆಚ್ಚು. ಅನುಮಾನವಿದ್ದರೆ ಅವನು ದೂರು ಕೊಡಬಹುದು. ಆದರೆ ಬಿಚ್ಚಿ ಜೋಡಿಸುವ ಖರ್ಚಿಗೆ ಠೇವಣಿ ಇಡಬೇಕು. ಎಲ್ಲವೂ ಸರಿಯಾಗಿದೆ ಎಂದಾದರೆ ಆ ಹಣ ಹೋಯಿತು. ಅವನ ಹೆಸರು ಹೇಳಿಕೊಂಡು ಹುಟ್ಟಿದ ವರ್ಗವಿದು. ಅವನಿಗಾಗಿಯೇ ಬರೆದ ನಿಯಮಗಳು ಅವನನ್ನು ಬಿಟ್ಟು ಉಳಿದೆಲ್ಲರಿಗೂ ಅನುಕೂಲ ಮಾಡಿಕೊಟ್ಟಿವೆ. ನನಗೆ ಸಿಟ್ಟು ಬಂತು. ಅದರಲ್ಲಿ ಅಕ್ಕನ ಮಗನ ಮೇಲಿನ ಸಿಟ್ಟೂ ಇತ್ತು.

ಮರ್ಯಾದೆಯಿಂದ ಬದುಕುತ್ತಿರುವವರು ಅಲ್ಲಿ ಒಬ್ಬರೇ. 2006ರಿಂದ ನಡೆಯುತ್ತಿರುವ 'ಟ್ವೆಂಟಿಫೋರ್ ಅವರ್ಸ್ ಆಫ್ ಲೆಮನ್ಸ್' ಎಂಬ ರೇಸಿನವರು. ಸುರಕ್ಷತೆಯ ಸಾಮಾನು ಬಿಟ್ಟು ಕಾರಿನ ಖರ್ಚು 500 ಡಾಲರ್ ಮೀರಬಾರದು. ಮೀರಿದ ಪ್ರತಿ ಹತ್ತು ಡಾಲರಿಗೆ ಒಂದು ಸುತ್ತು ದಂಡ. ತೀರ್ಪುಗಾರರಿಗೆ ಬಾಟಲಿಯನ್ನೋ ತಿಂಡಿಯನ್ನೋ ಲಂಚ ಕೊಡುವುದು ಅಲ್ಲಿ ರಾಜಾರೋಷದ ಸಂಪ್ರದಾಯ. ಮುಚ್ಚುಮರೆಯಿಲ್ಲ, ಠೇವಣಿಯಿಲ್ಲ, ಮೂಲ ಡಬ್ಬಿಯಿಲ್ಲ. ಅಲ್ಲಿ ಸ್ಪರ್ಧಿಸು ಎಂದರೆ ನಮ್ಮ ಹುಡುಗನಿಗೆ ಅವಮಾನ. ಅದು ಗಂಭೀರವಾದ ರೇಸಲ್ಲವಂತೆ.

ಎಸ್‌ಸಿಸಿಎ ಸದಸ್ಯರು ನಿಯಮ ಬದಲಿಸಿ ಎಂದು ಸಮಿತಿಗೆ ಪತ್ರ ಬರೆಯಬಹುದು. ನಿಮ್ಮ ಸಲಹೆಗೆ ಧನ್ಯವಾದ, ನಿಯಮ ಈಗಿರುವಂತೆಯೇ ಸಮರ್ಪಕವಾಗಿದೆ ಎಂಬ ಧಾಟಿಯ ಉತ್ತರ ಎಷ್ಟೋ ಪತ್ರಗಳಿಗೆ ಬರುತ್ತದೆ. ನಮ್ಮ ತಾಲ್ಲೂಕು ಕಚೇರಿಯ ಹಿಂಬರಹ ಓದಿದವರಿಗೆ ಇದು ಹೊಸದೇನಲ್ಲ. ಆದರೂ ಒಂದು ಪತ್ರ ಬರೆಯೋ ಎಂದೆ. ಸೀಸಕ್ಕೆ ಯಾಕೆ ದುಡ್ಡು, ಪಕ್ಕದಲ್ಲಿ ಮಾವನನ್ನು ಕೂರಿಸಿಕೊಳ್ಳಲು ಅವಕಾಶ ಕೊಡಿ ಎಂದು ಕೇಳು. ಬೇಕಾದ ತೂಕ ನನ್ನಲ್ಲಿದೆ, ಅದೂ ತಗ್ಗಿನಲ್ಲೇ ಇದೆ.

ಅವನು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಬೋಲ್ಟ್ ಹಾಕಬೇಕಾಗುತ್ತದೆ ಮಾವ. ಬೆಲ್ಟ್ ನಡೆಯುವುದಿಲ್ಲ."