ಚಪ್ಪಲಿ ಹೊರಗ ಬಿಡ್ರಿ, ವಿಜ್ಞಾನ ಒಳಗ ಐತಿ

ನಮ್ಮೂರ ಶಾಲೆಗೆ ಈಗ ಎರಡು ಗುಡಿ. ಒಂದು ಕಂಪೌಂಡಿನ ಹೊರಗಿನ ಹನುಮಪ್ಪನದು, ಅದರ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಇನ್ನೊಂದು ಕಂಪ್ಯೂಟರ್ ರೂಮು. ಅದಕ್ಕೆ ಎರಡು ಕೀಲಿ. ಒಂದರ ಕೀಲಿಕೈ ಹೆಡ್ ಮಾಸ್ತರರ ಜೇಬಿನಲ್ಲಿ, ಇನ್ನೊಂದು ಅವರ ಮನೆಯಲ್ಲಿ.

ಹಳೆ ವಿದ್ಯಾರ್ಥಿ ಅಂತ ಆಗಸ್ಟ್ 11ಕ್ಕೆ ನನ್ನನ್ನೂ ಕರೆದಿದ್ದರು. 'ನಮ್ಮ ಹುಡುಗ್ರು ಕಂಪ್ಯೂಟರಿನ್ಯಾಗ ವಿಜ್ಞಾನ ಕಲಿಯೂದು ನೋಡಾಕ ಬರ್ರಿ.' ಕೊಪ್ಪಳದಿಂದ ಬಸ್ಸು ಹಿಡಿದು ಹೋದೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿತ್ತು: 'ಚಪ್ಪಲಿ ಹೊರಗೆ ಬಿಡಿ.' ಬಿಟ್ಟೆ. ಒಳಗೆ ಮಾನಿಟರಿಗೆ ಕುಂಕುಮ, ಕೀಬೋರ್ಡಿಗೆ ಹೊಲಿಸಿದ ಅಂಗಿ, ಸಿಪಿಯು ಮೇಲೆ ಕಳೆದ ಆಯುಧ ಪೂಜೆಯ ಒಣಗಿದ ನಿಂಬೆಹಣ್ಣು. ಪರದೆ ಚೆಂದ ಕಾಣಲಿ ಅಂತ ಕಿಟಕಿಗಳಿಗೆ ದಪ್ಪ ಕರಿ ಬಟ್ಟೆ. ಐದನೇತ್ತದ ಮಕ್ಕಳು ಕತ್ತಲಲ್ಲಿ ಬೆವರುತ್ತ ಕೂತಿದ್ದರು.

ಯುಪಿಎಸ್ ಕೂತಿದ್ದ ಪೆಟ್ಟಿಗೆ ನೋಡಿದ ಮೇಲೆ ಮಾತ್ರ ಹಳೆ ಗೆಳೆಯ ಸಿಕ್ಕಂತಾಯಿತು. 1987ರಲ್ಲಿ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಅಂತ ಕೇಂದ್ರದ ಯೋಜನೆ ಬಂತಲ್ಲ, ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಮಾಸ್ತರು, ಒಂದಿಷ್ಟು ಕಲಿಕಾ ಸಾಮಾನು ಅಂತ, ಆಗ ಬಂದ ವಿಜ್ಞಾನದ ಪೆಟ್ಟಿಗೆ ಅದು. ಅದರೊಳಗೆ ಭೂತಗನ್ನಡಿ ಇದೆಯಂತೆ, ಅಯಸ್ಕಾಂತ ಇದೆಯಂತೆ ಎಂದು ನಾವು ಪಿಸುಗುಟ್ಟುತ್ತಿದ್ದೆವು. ಒಡೆದರೆ ಯಾರು ಜವಾಬ್ದಾರರು ಎಂದು ನಮ್ಮ ಕಾಲದ ಮಾಸ್ತರು ಅದನ್ನು ತೆರೆಯಲೇ ಇಲ್ಲ. ಈಗಲೂ ತೆರೆದ ಹಾಗೆ ಕಾಣಲಿಲ್ಲ. ಆದರೂ ಅದು ಬಡ್ತಿ ಪಡೆದಿದೆ ಅನ್ನಬೇಕು. ಮೂಲೆಯಲ್ಲಿದ್ದದ್ದು ಈಗ ಕಂಪ್ಯೂಟರಿನ ಕಾಲಡಿಗೆ ಬಂದಿದೆ.

ಮೊದಲ ಪಾಠ ನೀರಿನಿಂದ ಕರೆಂಟು ತಯಾರಾಗುವ ಬಗೆ. ಶಾಲೆಯ ಮಾಳಿಗೆ ಹತ್ತಿದರೆ ತುಂಗಭದ್ರೆಯ ಹಿನ್ನೀರು ಕಾಣುತ್ತದೆ. ಮುನಿರಾಬಾದಿನಲ್ಲಿ ಆಣೆಕಟ್ಟಿನ ಬುಡಕ್ಕೇ ವಿದ್ಯುದಾಗಾರ ಇದೆ. ಈ ಮಕ್ಕಳಲ್ಲಿ ಒಬ್ಬರೂ ಅದರ ಒಳಗೆ ಕಾಲಿಟ್ಟಿಲ್ಲ. ಪರದೆಯಲ್ಲಿ ಮಾತ್ರ ಹಿಮದ ಬೆಟ್ಟದಿಂದ ನೀಲಿ ನೀರು ಜಾರಿತು, ಟರ್ಬೈನು ತಿರುಗಿತು, ತಂತಿಯಲ್ಲಿ ಹಳದಿ ಚುಕ್ಕಿಗಳು ಓಡಿದವು, ಬಲ್ಬು ಇನ್ನೇನು ಹತ್ತಬೇಕು, ಕರೆಂಟು ಹೋಯಿತು. ಯುಪಿಎಸ್ ಮೂರು ಸಲ ಕೀಕ್ ಅಂದು ಸುಮ್ಮನಾಯಿತು.

'ಸರ, ಬಲ್ಬ್ ಹತ್ತಲೇ ಇಲ್ರಿ' ಅಂದ ಒಬ್ಬ.

'ಹತ್ತೇತಿ ಅಂತ ಬರಕೋರಿ' ಅಂದರು ಮಾಸ್ತರು.

ಕತ್ತಲಲ್ಲೇ ಮಾಸ್ತರು ಭಾರ ಎತ್ತುವ ರಾಟೆಯ ಬಗ್ಗೆ ಎರಡು ಮಾತು ಹೇಳಲು ಹೊರಟರು. ಹಿಂದಿನ ಸಾಲಿನಿಂದ ದನಿ ಬಂತು: 'ಸರ, 19ನೇ ಗೇಟಿನ ಚೈನು ಹೆಂಗ ಹರೀತ್ರಿ?' 2024ರ ಆಗಸ್ಟ್ 10ರ ರಾತ್ರಿ ಆಣೆಕಟ್ಟಿನ 33 ಗೇಟುಗಳಲ್ಲಿ ಅದೊಂದು ಕೊಚ್ಚಿಹೋದಾಗ ಇಡೀ ಜಿಲ್ಲೆ ನಿದ್ದೆಗೆಟ್ಟಿತ್ತು. ಚೈನು, ಭಾರ, ಎತ್ತುವುದು, ಇಳಿಸುವುದು ಎಲ್ಲವನ್ನೂ ಚಹಾದಂಗಡಿಗಳಲ್ಲಿ ವಾರಗಟ್ಟಲೆ ಚರ್ಚಿಸಿದ್ದರು. ಮಾಸ್ತರು ಪೆನ್ ಡ್ರೈವ್ ತೋರಿಸಿ 'ಅದು ಇದರಾಗ ಇಲ್ಲೋ' ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಗಣತಿ, ಚುನಾವಣೆ ಎಲ್ಲ ಮುಗಿಸಿ ಉಳಿದ ಉಸಿರಲ್ಲಿ ಪಾಠ ಮಾಡುವ ಮನುಷ್ಯ.

ಸೆಕೆ ತಾಳದೆ ಮಕ್ಕಳನ್ನು ಹೊರಗೆ ಬಿಟ್ಟರು. ಗಂಟೆ ಹನ್ನೆರಡೂವರೆ. ಮೋಡವೂ ಇರಲಿಲ್ಲ. ಸ್ವಾತಂತ್ರ್ಯ ದಿನಕ್ಕೆಂದು ಧ್ವಜದ ಕಂಬಕ್ಕೆ ಹಚ್ಚಿದ ಬೆಳ್ಳಿ ಬಣ್ಣ ಇನ್ನೂ ಹಸಿ. ಒಬ್ಬ ಹುಡುಗಿ ಕಂಬದ ಸುತ್ತ ಒಂದು ಸುತ್ತು ಬಂದಳು. ನಿಂತಳು. ತನ್ನ ಕಾಲ ಕೆಳಗೆ ನೋಡಿಕೊಂಡಳು.

'ಸರ, ಕಂಬದ ನೆರಳು ಎಲ್ಲಿ ಹೋತ್ರಿ?'

ನಿಜವಾಗಿಯೂ ಇರಲಿಲ್ಲ. ಕೊಪ್ಪಳ ಇರುವುದು ಭೂಮಧ್ಯರೇಖೆಯಿಂದ 15 ಡಿಗ್ರಿ ಚಿಲ್ಲರೆ ಉತ್ತರಕ್ಕೆ. ವರ್ಷಕ್ಕೆ ಎರಡೇ ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದಲ್ಲಿ, ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಮೇ ತಿಂಗಳದ್ದು ಬೇಸಿಗೆ ರಜೆಗೆ ಹೋಯಿತು, ಶಾಲೆಗೆ ಸಿಗುವುದು ಇದೊಂದೇ. ಕರ್ಕಾಟಕ ವೃತ್ತದ ಆಚೆಗಿರುವ ದಿಲ್ಲಿಗೆ ಒಂದೂ ಇಲ್ಲ. ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ವರದಿ ನಮ್ಮ ಭಾಗವನ್ನು ಹಿಂದುಳಿದದ್ದು ಅಂದಿತು ಸರಿ, ಈ ಲೆಕ್ಕದಲ್ಲಿ ದಿಲ್ಲಿಯೇ ಹಿಂದುಳಿದ ತಾಲೂಕು.

ಮಕ್ಕಳು ತಮ್ಮ ನೆರಳು ಹುಡುಕುತ್ತ ಕುಣಿದಾಡುತ್ತಿದ್ದರು. ನಾನು ಮಾಸ್ತರರಿಗೆ 'ಇದರದೇ ಒಂದು ಫೋಟೋ ಕಳಿಸ್ರಿ ಮ್ಯಾಲಿನವ್ರಿಗೆ' ಅಂದೆ.

'ಇಲ್ಲದ ನೆರಳಿಂದು ಫೋಟೋ ಹೆಂಗ ತಗೀಲ್ರಿ? ಫೋಟೋದಾಗ ಕಂಪ್ಯೂಟರ್ ಕಾಣಬೇಕ್ರಿ, ಕಂಪ್ಯೂಟರ್ ಮುಂದ ಹುಡುಗ್ರು ಕಾಣಬೇಕ್ರಿ. ಇಲ್ಲಂದ್ರ ನೋಟಿಸ್ ಬರ್ತೈತ್ರಿ.'

ಅಷ್ಟರಲ್ಲಿ ಕರೆಂಟು ಬಂತು. ಗಂಟೆ ಬಾರಿಸಿ ಮಕ್ಕಳನ್ನು ಮತ್ತೆ ಒಳಗೆ ತುಂಬಿದರು, ಚಪ್ಪಲಿ ಬಿಡಿಸಿ, ಕರಿ ಬಟ್ಟೆ ಎಳೆದು. ಮುಂದಿನ ಪಾಠ ಯಾವುದು ಅಂತೀರಿ? 'ಬೆಳಕು ಮತ್ತು ನೆರಳು.' ಉಣ್ಣೆ ಟೋಪಿ ಹಾಕಿದ ಹುಡುಗನೊಬ್ಬ ಹೊಗೆಗೂಡಿನ ಮನೆಯ ಮುಂದೆ ನಿಂತ. ಅವನ ನೆರಳು ಉದ್ದವಾಯಿತು, ಗಿಡ್ಡವಾಯಿತು, ಮತ್ತೆ ಉದ್ದವಾಯಿತು. ಆ ಊರಲ್ಲಿ ಸೂರ್ಯ ನೆತ್ತಿಗೆ ಬರುವವನೇ ಅಲ್ಲ. ಕೊನೆಗೆ ಪ್ರಶ್ನೆ: ಮಧ್ಯಾಹ್ನ ನೆರಳು ಹೇಗಿರುತ್ತದೆ? ಅ) ಉದ್ದ, ಆ) ಗಿಡ್ಡ.

ಅದೇ ಹುಡುಗಿ ಎದ್ದು ನಿಂತಳು. 'ಇವತ್ತ ಇಲ್ಲೇ ಇಲ್ರಿ ಸರ.'

ಮಾಸ್ತರು ಮೌಸು ಹಿಡಿದು ಪರದೆಯ ಮೇಲೆಲ್ಲ ಹುಡುಕಿದರು. 'ಇಲ್ಲ' ಅನ್ನುವ ಗುಂಡಿ ಎಲ್ಲೂ ಇರಲಿಲ್ಲ. ನನ್ನ ಕಡೆ ಒಮ್ಮೆ, ಹುಡುಗಿಯ ಕಡೆ ಒಮ್ಮೆ ನೋಡಿ 'ಆ' ಒತ್ತಿದರು. ಕಂಪ್ಯೂಟರು ಚಟಪಟ ಚಪ್ಪಾಳೆ ತಟ್ಟಿತು, ಬಣ್ಣದ ಬಲೂನು ಹಾರಿಸಿತು. ಮಾಸ್ತರು ಮೊಬೈಲ್ ಎತ್ತಿ ಫೋಟೋ ತೆಗೆದರು. ಫೋಟೋದಲ್ಲಿ ಎಲ್ಲರೂ ಪರದೆ ನೋಡುತ್ತಿದ್ದಾರೆ. ಒಬ್ಬಳ ಮುಖ ಮಾತ್ರ ಕಿಟಕಿಯ ಕರಿ ಬಟ್ಟೆಯ ಕಡೆಗಿದೆ, ಆ ಮೂಲೆಯನ್ನು ಕತ್ತರಿಸಿಯೇ ಅವರು ಅಪ್‌ಲೋಡ್ ಮಾಡಿದರು.