ಕಡ್ಡಿ ಎಣಿಸದ ಅಣ್ಣಂದಿರು

ನನ್ನ ಅಣ್ಣನಿಗೆ ಆಟಿಸಂ (ಮಾತು, ಒಡನಾಟ, ನಡವಳಿಕೆ ಬೇರೆಯಾಗಿರುವಂಥ ಮೆದುಳಿನ ಬೆಳವಣಿಗೆ) ಇದೆ ಎಂದು ಹೇಳಿದ ಮರುಕ್ಷಣವೇ, ಸ್ವಲ್ಪ ಓದಿಕೊಂಡವರು ಕೇಳುವ ಪ್ರಶ್ನೆ ಒಂದೇ: ‘ಹಾಗಾದರೆ ಲೆಕ್ಕದಲ್ಲಿ ಭಾರಿ ಚುರುಕಿರಬೇಕಲ್ಲ?’ ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಈ ಪ್ರಶ್ನೆ ಬಂದದ್ದು ಎಲ್ಲಿಂದ ಎಂಬುದೂ ನನಗೆ ಗೊತ್ತು. 1988ರಲ್ಲಿ ತೆರೆಕಂಡ ‘ರೇನ್ ಮ್ಯಾನ್’ ಸಿನಿಮಾವನ್ನು ನೋಡದವರ ತಲೆಯಲ್ಲೂ ಅದರ ಒಂದು ದೃಶ್ಯ ಕೂತುಬಿಟ್ಟಿದೆ. ಹಲ್ಲುಕಡ್ಡಿಯ ಡಬ್ಬಿ ಕೈಜಾರಿ ನೆಲಕ್ಕೆ ಬೀಳುತ್ತದೆ. ಆಟಿಸಂ ಇರುವ ಪಾತ್ರ ರೇಮಂಡ್ ಒಮ್ಮೆ ನೋಡಿ 246 ಎನ್ನುತ್ತಾನೆ. ಡಬ್ಬಿಯಲ್ಲಿ ಇದ್ದದ್ದು 250, ಒಳಗೇ ಉಳಿದದ್ದು ನಾಲ್ಕು.

ನನ್ನ ಅಣ್ಣನ ಮುಂದೆ ಕಡ್ಡಿ ಬಿದ್ದರೆ ಅವನು ಕೆಳಗೆ ಕೂತು ಒಂದೊಂದನ್ನೇ ಎತ್ತುತ್ತಾನೆ. ಎಲ್ಲ ಕಡ್ಡಿಗಳ ತಲೆಯೂ ಒಂದೇ ಕಡೆ ಬರುವಂತೆ ಜೋಡಿಸಿ ಡಬ್ಬಿಗೆ ತುಂಬುತ್ತಾನೆ. ಎಣಿಸುವುದಿಲ್ಲ. ಹತ್ತರ ಆಚೆಗೆ ಅವನಿಗೆ ಎಣಿಕೆ ಬರುವುದಿಲ್ಲ. ಅದನ್ನು ಕೇಳಿದವರ ಮುಖ ಸಣ್ಣದಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪವಾಡವೊಂದು ಕೈತಪ್ಪಿದ ನಿರಾಸೆ ಅದು. ಪವಾಡವಿಲ್ಲದ ಮನುಷ್ಯನ ಬಗ್ಗೆ ಮುಂದೇನು ಕೇಳಬೇಕೆಂದು ಅವರಿಗೆ ತೋಚುವುದಿಲ್ಲ.

ಆದರೂ ಆ ಸಿನಿಮಾ ಎಂದರೆ ನನಗೆ ಪ್ರಾಣ. ಬ್ಯಾರಿ ಲೆವಿನ್ಸನ್ ನಿರ್ದೇಶನ, ಅಣ್ಣ ರೇಮಂಡ್ ಆಗಿ ಡಸ್ಟಿನ್ ಹಾಫ್‌ಮನ್, ತಮ್ಮ ಚಾರ್ಲಿಯಾಗಿ ಟಾಮ್ ಕ್ರೂಸ್. ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ಮೂಲ ಚಿತ್ರಕಥೆ ಎಂದು ನಾಲ್ಕು ಆಸ್ಕರ್ ಬಂದವು. ಪ್ರಶಸ್ತಿ ಹಾಫ್‌ಮನ್ ಪಾಲಾದರೂ ನಾನು ಪ್ರತಿ ಸಲ ನೋಡುವುದು ಟಾಮ್ ಕ್ರೂಸ್ ಮುಖವನ್ನು. ಅದು ತಮ್ಮನ ಸಿನಿಮಾ.

ಅಪ್ಪನೊಂದಿಗೆ ಮುನಿಸಿಕೊಂಡು ದೂರವಾಗಿದ್ದ ಚಾರ್ಲಿ, ಅಪ್ಪ ತೀರಿಕೊಂಡ ಸುದ್ದಿ ಕೇಳಿ ಸಿನ್ಸಿನಾಟಿಗೆ ಬರುತ್ತಾನೆ. ಅವನ ಪಾಲಿಗೆ 1949ರ ಹಳೆಯ ಬ್ಯೂಕ್ ಕಾರು ಮತ್ತು ಗುಲಾಬಿ ಗಿಡಗಳು. ಮೂವತ್ತು ಲಕ್ಷ ಡಾಲರ್ ಹಣವೆಲ್ಲ ವಾಲ್‌ಬ್ರೂಕ್ ಎಂಬ ಸಂಸ್ಥೆಯಲ್ಲಿರುವ ರೇಮಂಡ್‌ನ ಆರೈಕೆಗೆ. ತನಗೊಬ್ಬ ಅಣ್ಣ ಇದ್ದಾನೆ ಎಂಬುದೇ ಚಾರ್ಲಿಗೆ ತಿಳಿಯುವುದು ಆಗ. ಅರ್ಧ ಹಣ ಕೊಡಿ ಎಂದು ಅಣ್ಣನನ್ನು ಅಲ್ಲಿಂದ ಕರೆದುಕೊಂಡು ಹೊರಟುಬಿಡುತ್ತಾನೆ. ರೇಮಂಡ್ ವಿಮಾನ ಹತ್ತುವುದಿಲ್ಲ, ಮಳೆ ಬಂದರೆ ಹೊರಗೆ ಕಾಲಿಡುವುದಿಲ್ಲ. ಹೀಗಾಗಿ ಲಾಸ್ ಏಂಜಲೀಸ್‌ವರೆಗೂ ರಸ್ತೆಯೇ ಗತಿ. ದಾರಿಯುದ್ದಕ್ಕೂ ಚಾರ್ಲಿ ಕಿರುಚುತ್ತಾನೆ, ಗದರುತ್ತಾನೆ, ಅಣ್ಣನನ್ನು ಜೂಜಿನ ಮೇಜಿಗೂ ಕೂರಿಸುತ್ತಾನೆ. ನಂತರ ಎಲ್ಲೋ ಒಂದು ಕಡೆ ಹಣ ಹಿಂದಕ್ಕೆ ಸರಿದು ಅಣ್ಣ ಮುಂದೆ ಬರುತ್ತಾನೆ. ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸಿನಿಮಾದ ಪ್ರಾಮಾಣಿಕತೆ ಇರುವುದೇ ಅಲ್ಲಿ. ಮನೆಗಳಲ್ಲೂ ಅದು ನಡೆಯುವುದು ಹಾಗೆಯೇ.

ರೇಮಂಡ್‌ಗೆ ಪ್ಯಾನ್‌ಕೇಕ್ ತಟ್ಟೆ ಬರುವ ಮೊದಲೇ ಸಿರಪ್ ಮೇಜಿನ ಮೇಲಿರಬೇಕು. ನಮ್ಮ ಮನೆಯಲ್ಲಿ ಅದು ಜೋಳದ ರೊಟ್ಟಿ. ಅಂಚು ಹರಿದ ರೊಟ್ಟಿ ಅಣ್ಣನ ತಾಟಿಗೆ ಬರುವಂತಿಲ್ಲ. ಬಂದರೆ ಅವನು ಸಿಟ್ಟು ಮಾಡುವುದಿಲ್ಲ, ತಾಟನ್ನು ಮೆಲ್ಲಗೆ ನೂಕಿ ಎದ್ದುಬಿಡುತ್ತಾನೆ. ಆ ಹೊತ್ತಿನ ಊಟ ಮುಗಿಯಿತು. ಶೇಂಗಾ ಹಿಂಡಿ ಬಲಕ್ಕೆ, ಪಲ್ಯ ಎಡಕ್ಕೆ, ಎರಡೂ ಒಂದಕ್ಕೊಂದು ತಾಗಬಾರದು. ಅವ್ವ ಹಂಚಿನಿಂದ ರೊಟ್ಟಿ ತೆಗೆದು ಬೆಳಕಿಗೆ ಹಿಡಿದು, ಸುತ್ತಲೂ ಒಮ್ಮೆ ಕಣ್ಣಾಡಿಸಿಯೇ ತಾಟಿಗೆ ಹಾಕುವುದು. ನನ್ನ ಮದುವೆಯಾದ ಹೊಸದರಲ್ಲಿ ಹೆಂಡತಿ ಬಡಿದ ರೊಟ್ಟಿಗಳು ಅಂಚಿನಲ್ಲಿ ಸೀಳುತ್ತಿದ್ದವು. ಅವೆಲ್ಲ ನನ್ನ ತಾಟಿಗೆ. ಅವಳು ಹಟ ಹಿಡಿದು ಕಲಿತಳು. ಈಗ ಅವ್ವನಿಗೆ ಮೊಣಕೈ ನೋವು, ಅಣ್ಣನ ರೊಟ್ಟಿ ಪೂರ್ತಿ ಅವಳದೇ.

ಈ ಮದುವೆಯ ವಿಷಯವನ್ನು ಸಿನಿಮಾ ಮುಟ್ಟಿಲ್ಲ. ನಮ್ಮಲ್ಲಿ ಅದನ್ನು ಬಿಟ್ಟು ಮಾತನಾಡುವಂತಿಲ್ಲ. ಕಲಬುರಗಿ ಕಡೆ ಸಂಬಂಧ ನೋಡುವಾಗ ಹೊಲ ಎಷ್ಟು, ನೌಕರಿ ಏನು ಎಂದು ಕೇಳಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: ‘ಮನೆಯಲ್ಲಿ ಇನ್ನೊಬ್ಬ ಇದ್ದಾನಂತಲ್ಲ?’ ಹೆಣ್ಣಿನ ಕಡೆಯವರು ಬರುವ ದಿನ ಅಣ್ಣನನ್ನು ಸೋದರಮಾವನ ಮನೆಗೆ ಕಳಿಸಿಬಿಡಿ ಎಂದು ಹತ್ತಿರದವರೇ ಸಲಹೆ ಕೊಟ್ಟರು. ಅಪ್ಪ ಒಪ್ಪಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಅವನನ್ನು ಪಡಸಾಲೆಯಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮಾತುಕತೆ ನಡೆದಿರುವಾಗ ಅಣ್ಣ ಎದ್ದು ಹೋಗಿ, ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಜೋಡಿಸಿದ್ದ. ಬೀಗರು ಹೊರಡುವಾಗ ಅದನ್ನು ನೋಡಿ ನಿಂತರು. ಯಾರೂ ನಗಲಿಲ್ಲ. ಆ ಮನೆಯ ಹುಡುಗಿಯೇ ಇವತ್ತು ರೊಟ್ಟಿಯ ಅಂಚು ಕಾಯುತ್ತಿರುವವಳು.

ರೇಮಂಡ್‌ನ ಪಾತ್ರಕ್ಕೆ ಸ್ಫೂರ್ತಿಯಾದವರು ಕಿಮ್ ಪೀಕ್ ಎಂಬ ಅಮೆರಿಕದ ವ್ಯಕ್ತಿ. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಬ್ಯಾರಿ ಮಾರೋ 1984ರಲ್ಲಿ ಪೀಕ್ ಅವರನ್ನು ಭೇಟಿಯಾಗಿದ್ದರು. ಪೀಕ್ ಅವರ ನೆನಪಿನ ಶಕ್ತಿ ಅಸಾಮಾನ್ಯವಾದದ್ದು, ಆದರೆ ಅವರಿಗೆ ಆಟಿಸಂ ಇರಲಿಲ್ಲ. ಮೆದುಳಿನ ಎರಡು ಭಾಗಗಳನ್ನು ಜೋಡಿಸುವ ನರಗಳ ಕಟ್ಟೇ ಅವರಲ್ಲಿ ಹುಟ್ಟಿನಿಂದ ಇರಲಿಲ್ಲ. ಅಂಥ ಅದ್ಭುತ ಶಕ್ತಿಯಿರುವವರು ಆಟಿಸಂ ಇರುವವರಲ್ಲೂ ಕೆಲವರೇ. ಸಿನಿಮಾ ಆ ಕೆಲವರನ್ನು ಎತ್ತಿ ತೋರಿಸಿತು, ಉಳಿದವರು ಅದರ ನೆರಳಿಗೆ ಬಿದ್ದರು. ನನ್ನನ್ನು ಕಾಡುವುದು ಪೀಕ್ ಅವರ ಅಪ್ಪ. ಕೂಸಾಗಿದ್ದಾಗಲೇ ಸಂಸ್ಥೆಗೆ ಸೇರಿಸಿಬಿಡಿ ಎಂದು ವೈದ್ಯರು ಹೇಳಿದ್ದರೂ ಕೇಳದೆ ಮಗನನ್ನು ಮನೆಯಲ್ಲೇ ಬೆಳೆಸಿದರು, ದೊಡ್ಡವನಾದ ಮೇಲೂ ಅವನಿಗೆ ಬಟ್ಟೆ ತೊಡಿಸಿದರು, ಊರೂರು ಕರೆದೊಯ್ದರು. 2009ರಲ್ಲಿ ಪೀಕ್ ತೀರಿಕೊಂಡಾಗ ಅಪ್ಪ ಇನ್ನೂ ಬದುಕಿದ್ದರು.

ಇದನ್ನು ಓದಿದಾಗ ನನಗೆ ಅವ್ವನ ಪ್ರಾರ್ಥನೆ ನೆನಪಾಯಿತು. ‘ಇವನು ನನಗಿಂತ ಒಂದು ದಿನ ಮೊದಲು ಹೋಗಲಿ’ ಎಂದು ಅವಳು ಶರಣಬಸವೇಶ್ವರರ ಗುಡಿಯಲ್ಲಿ ಬೇಡಿಕೊಳ್ಳುವುದನ್ನು ಕೇಳಿಸಿಕೊಂಡಿದ್ದೇನೆ. ಇಂಥ ಮಕ್ಕಳಿರುವ ಎಷ್ಟೋ ತಾಯಂದಿರು ಇದೇ ಮಾತು ಹೇಳಿದ್ದಾರೆ. ಹೆತ್ತ ಮಗ ಮೊದಲು ಹೋಗಲಿ ಎಂದು ತಾಯಿಯೊಬ್ಬಳು ದೇವರ ಮುಂದೆ ಕೈಮುಗಿಯುವ ಸ್ಥಿತಿಗೆ ನಾವೆಲ್ಲ ಸೇರಿ ಅವಳನ್ನು ತಂದು ನಿಲ್ಲಿಸಿದ್ದೇವೆ ಎಂದೇ ನಾನು ನಂಬಿದ್ದೇನೆ.

ಅವ್ವ ಕಡಿಮೆ ಅನುಭವಿಸಿಲ್ಲ. ಅಣ್ಣ ಮಾತು ಕಲಿಯದಿದ್ದಾಗ ಗುಡಿಗೆ ಹರಕೆ ಕಟ್ಟಿದಳು, ಬಂದೇ ನವಾಜ್ ದರ್ಗಾದಲ್ಲಿ ತಾಯಿತ ಕಟ್ಟಿಸಿದಳು, ಸೊಲ್ಲಾಪುರ, ಹೈದರಾಬಾದ್ ಎಂದು ತಿರುಗಿದಳು. ‘ನೀವು ಮಗುವಿನ ಜೊತೆ ಸರಿಯಾಗಿ ಮಾತನಾಡಿಲ್ಲ, ಅದಕ್ಕೇ ಹೀಗಾಗಿದೆ’ ಎಂದು ಒಬ್ಬ ವೈದ್ಯರು ಹೇಳಿಬಿಟ್ಟರು. ಆ ಮಾತನ್ನು ಅವಳು ಇವತ್ತಿಗೂ ಹೊತ್ತಿದ್ದಾಳೆ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ಮೇಲೆ, ತಾಯಿಯ ತಣ್ಣಗಿನ ಸ್ವಭಾವವೇ ಇದಕ್ಕೆ ಕಾರಣ ಎಂಬ ವಾದ ದಶಕಗಳ ಕಾಲ ನಡೆಯಿತು. ಅದನ್ನು 1964ರಲ್ಲೇ ಪುಸ್ತಕ ಬರೆದು ಅಲ್ಲಗಳೆದವರು ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್. ಅವರ ಮಗನಿಗೂ ಆಟಿಸಂ ಇತ್ತು. ‘ರೇನ್ ಮ್ಯಾನ್’ ಮಾಡುವಾಗ ಆಟಿಸಂ ಬಗ್ಗೆ ಸಲಹೆ ಕೊಟ್ಟವರೂ ಅವರೇ. ಅವ್ವನಿಗೆ ಇದನ್ನು ಬಿಡಿಸಿ ಹೇಳಿದ್ದೇನೆ. ತಲೆಯಾಡಿಸುತ್ತಾಳೆ, ನಂಬಿದ್ದಾಳೋ ಇಲ್ಲವೋ ತಿಳಿಯದು.

ಸಿನಿಮಾದ ಕೊನೆಯ ಭಾಗಕ್ಕೆ ಬರುತ್ತೇನೆ. ತಮ್ಮನ ಜೊತೆ ಇರುತ್ತೀಯಾ ಎಂದು ರೇಮಂಡ್‌ನನ್ನು ವೈದ್ಯರೊಬ್ಬರು ಕೇಳುತ್ತಾರೆ. ಹೌದು ಎನ್ನುತ್ತಾನೆ. ವಾಲ್‌ಬ್ರೂಕ್‌ಗೆ ಹೋಗುತ್ತೀಯಾ? ಅದಕ್ಕೂ ಹೌದು. ಮತ್ತೆ ಮತ್ತೆ ಕೇಳಿದಾಗ ಸಾಕು ನಿಲ್ಲಿಸಿ, ಅವನನ್ನು ಹೀಗೆ ಅವಮಾನಿಸಬೇಡಿ ಎನ್ನುತ್ತಾನೆ ಚಾರ್ಲಿ. ಒಂದು ದಾಖಲೆಗಾಗಿ ಹೋದ ಕಚೇರಿಯಲ್ಲಿ ಅಣ್ಣನನ್ನು ಹೀಗೆಯೇ ಕೇಳಿದರು. ‘ತಮ್ಮನ ಜೊತೆ ಇರುತ್ತೀಯಾ?’ ಅವನು ‘ಇರುತ್ತೀಯಾ’ ಎಂದ. ‘ಇರುವುದಿಲ್ಲವಾ?’ ‘ಇರುವುದಿಲ್ಲವಾ’ ಎಂದ. ಕೇಳಿದ ಮಾತನ್ನೇ ತಿರುಗಿ ಹೇಳುವುದು ಅವನ ಮಾತಿನ ರೀತಿ. ಅಲ್ಲಿ ಕೂತಿದ್ದ ಇಬ್ಬರು ನಕ್ಕರು. ಅಣ್ಣನಿಗೆ ಇಷ್ಟಾನಿಷ್ಟಗಳಿಲ್ಲ ಎಂದು ಅವರು ತಿಳಿದಿರಬೇಕು. ಸಂಜೆ ನನ್ನ ಬೈಕಿನ ಸದ್ದು ತಿರುವಿನಲ್ಲಿ ಕೇಳಿಸುತ್ತಲೇ ಅವನು ಗೇಟು ತೆರೆದು ನಿಲ್ಲುತ್ತಾನೆ. ಬೇರೆ ಯಾರ ಬೈಕಿಗೂ ತೆರೆಯುವುದಿಲ್ಲ. ಅವನ ಉತ್ತರ ಬೇಕಾದವರು ಸಂಜೆ ನಮ್ಮ ಓಣಿಗೆ ಬಂದು ನೋಡಲಿ.

ರೇಮಂಡ್ ಕೊನೆಗೆ ರೈಲು ಹತ್ತಿ ವಾಲ್‌ಬ್ರೂಕ್‌ಗೆ ಹಿಂದಿರುಗುತ್ತಾನೆ. ಆ ಮುಕ್ತಾಯವನ್ನು ನೋಡಿ ಚಾರ್ಲಿಯನ್ನು ಬೈದವರಿದ್ದಾರೆ. ನಾನು ಬೈಯಲಾರೆ. ತಮ್ಮನ ಪ್ರೀತಿ ಎಷ್ಟೇ ದೊಡ್ಡದಿದ್ದರೂ ಅದೊಂದರಿಂದಲೇ ಒಬ್ಬ ಮನುಷ್ಯನ ಇಡೀ ಜೀವನ ನಡೆಯುವುದಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಆ ಸಿನಿಮಾಗಿದೆ. ರೇಮಂಡ್‌ಗೆ ಮರಳಲು ಒಂದು ಜಾಗವಿತ್ತು, ಹಿಂದೆ ಮೂವತ್ತು ಲಕ್ಷ ಡಾಲರ್ ಇತ್ತು. ನಮ್ಮಲ್ಲಿ ಇರುವುದು ತಮ್ಮ ಮಾತ್ರ. ‘ತಮ್ಮ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ’ ಎಂದು ಊರೇ ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಆ ತಮ್ಮನನ್ನು, ಅವನ ಹೆಂಡತಿಯನ್ನು ಯಾರೂ ಏನೂ ಕೇಳಿರುವುದಿಲ್ಲ.

ಕಾಯ್ದೆಗಳು ಇಲ್ಲವೆಂದಲ್ಲ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಅದು ಸೇರಿತು. 2013ರಿಂದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ತಪಾಸಣೆ ನಡೆಯುತ್ತಿದೆ. ಅದರಿಂದ ಇವತ್ತಿನ ಪುಟ್ಟ ಮಕ್ಕಳಿಗೆ ಅನುಕೂಲವಾಗಿದ್ದರೆ ನನಗೆ ಸಂತೋಷವೇ. ಆದರೆ ಅದು 18 ವರ್ಷಕ್ಕೆ ಮುಗಿಯುತ್ತದೆ, ಆಟಿಸಂ ಮುಗಿಯುವುದಿಲ್ಲ. ಅಣ್ಣನ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ. ಹಗಲು ನಾಲ್ಕು ತಾಸು ಅವನು ನೆಮ್ಮದಿಯಾಗಿ ಕೂತು, ಕೈಗೊಂದು ಕೆಲಸ ಮಾಡಿಕೊಂಡಿರುವ ಜಾಗವನ್ನು ನಾನು ಕೇಳಿಕೊಂಡು ಹೋದಲ್ಲೆಲ್ಲ ಮಕ್ಕಳ ಶಾಲೆಯ ವಿಳಾಸವನ್ನೇ ಕೊಡುತ್ತಾರೆ. ಇದು ದಾಸೋಹದ ಊರು. ಬಂದವರು ಯಾರೆಂದು ಕೇಳದೆ ಉಣ್ಣಲು ಬಡಿಸಿದ ಶರಣರ ಊರಿನಲ್ಲಿ ಇಷ್ಟು ಕೇಳುವುದು ಹೆಚ್ಚಾಯಿತೇ?

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಚಾರ್ಲಿಯ ಮನೆಯಲ್ಲಿ ಹೊಗೆಯ ಎಚ್ಚರಿಕೆ ಗಂಟೆ ಹೊಡೆದುಕೊಂಡಾಗ ರೇಮಂಡ್ ಕಿವಿ ಮುಚ್ಚಿ ತಲೆ ಬಡಿದುಕೊಳ್ಳುತ್ತಾನೆ. ನಮ್ಮ ಓಣಿಯಲ್ಲಿ ಡಿಜೆ ಮೆರವಣಿಗೆ ಬಂದ ರಾತ್ರಿ ಅಣ್ಣ ಹಾಗೆಯೇ ಮಾಡಿಕೊಳ್ಳುತ್ತಾನೆ. ಗಣಪತಿಯಾಗಲಿ, ಜಯಂತಿಯಾಗಲಿ, ಮದುವೆಯಾಗಲಿ, ಅವನಿಗೆ ಎಲ್ಲವೂ ಒಂದೇ. ನಾನು ಮತ್ತು ನನ್ನ ಹೆಂಡತಿ ಅವನ ಎರಡೂ ಕೈ ಹಿಡಿದು ಒಳಕೋಣೆಯಲ್ಲಿ ಕೂರುತ್ತೇವೆ. ಹಬ್ಬ ಬೇಡವೆಂದು ನಾನು ಹೇಳುತ್ತಿಲ್ಲ. ಆ ಒಂದು ಮನೆಯ ಮುಂದೆ ಪೆಟ್ಟಿಗೆಯ ಸದ್ದು ತಗ್ಗಿಸಿ ಎಂದು ಓಣಿಯ ಹುಡುಗರನ್ನು ಕೇಳಿದ್ದೇನೆ. ಹೋದ ವರ್ಷ ತಗ್ಗಿಸಿದರು. ಅವರಿಗೆ ಇಲ್ಲಿಂದಲೇ ಶರಣು.

ಕೊನೆಯದಾಗಿ, ಇಂಥ ಅಣ್ಣನೋ ತಮ್ಮನೋ ಅಕ್ಕನೋ ಇರುವವರಿಗೆ ಒಂದು ಮಾತು. 18 ತುಂಬಿದ ಮೇಲೆ ಕಾನೂನಿನ ಕಣ್ಣಿನಲ್ಲಿ ತಂದೆತಾಯಿಯೂ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. ಬ್ಯಾಂಕ್ ಖಾತೆ, ಆಸ್ತಿ, ಪಿಂಚಣಿ, ಯಾವುದಕ್ಕೆ ಹೋದರೂ ಆ ಕಾಗದ ಕೇಳುತ್ತಾರೆ. ಅಪ್ಪ ಅವ್ವ ಗಟ್ಟಿಯಾಗಿರುವಾಗಲೇ ಮನೆಮಂದಿ ಎಲ್ಲ ಕೂತು ಮಾತನಾಡಿ, ಒಡಹುಟ್ಟಿದವರನ್ನು ಬಾಯಿಬಿಟ್ಟು ಕೇಳಿ, ಸೊಸೆಯಾಗಿ ಬಂದವಳನ್ನೂ ಕೇಳಿ. ಅಂಗವೈಕಲ್ಯದ ಗುರುತಿನ ಚೀಟಿ ಇನ್ನೂ ಮಾಡಿಸದಿದ್ದರೆ ಅದನ್ನು ಮೊದಲು ಮಾಡಿಸಿ. ಅರ್ಜಿ ತುಂಬುವಾಗ ಗೊಂದಲವಾದರೆ ನನಗೆ ಸಂದೇಶ ಕಳಿಸಿ. ಕಲಬುರಗಿಯಲ್ಲಿ ಇರುವವರಾದರೆ ಭಾನುವಾರ ಮನೆಗೇ ಬನ್ನಿ, ಕೂತು ತುಂಬೋಣ. ಜೊತೆಗೆ ಅವರನ್ನೂ ಕರೆದುಕೊಂಡು ಬನ್ನಿ.