ಹದಿಹರೆಯದ ವ್ಯಸನಕ್ಕೆ ಗೆಳೆಯರೇ ಮುಖ್ಯ ಕಾರಣವೇ?

ಪರ

ಮೊದಲ ಸಿಗರೇಟನ್ನು ತಾನೇ ಕೊಂಡು ಒಬ್ಬನೇ ಕೂತು ಸೇದುವವರು ಕಡಿಮೆ. ಅದು ಸಾಮಾನ್ಯವಾಗಿ ಬರುವುದು ಗೆಳೆಯರ ಕೈಯಿಂದ. ಯಾರೂ ಬಲವಂತ ಮಾಡಬೇಕೆಂದಿಲ್ಲ. ಕೈಯಿಂದ ಕೈಗೆ ಬಂದದ್ದನ್ನು ಸೇದದೆ ಪಕ್ಕದವನಿಗೆ ದಾಟಿಸುವುದೇ ಆ ವಯಸ್ಸಿಗೆ ಕಷ್ಟ. 2005ರಲ್ಲಿ ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಕಾರು ಓಡಿಸುವ ವಿಡಿಯೊ ಗೇಮ್ ಆಡಿಸಿ ನೋಡಿದರು. 13ರಿಂದ 16ರ ವಯಸ್ಸಿನವರು ಗೆಳೆಯರ ಎದುರು ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರು ಯಾರಿದ್ದರೂ ಹೆಚ್ಚುಕಡಿಮೆ ಒಂದೇ ರೀತಿ ಆಡಿದರು.

ಹಾಗಾಗಿ ಕಲಿಸಬೇಕಾದದ್ದು ಭಾಷಣವನ್ನಲ್ಲ, ಬೇಡವೆನ್ನುವ ಅಭ್ಯಾಸವನ್ನು. ಉತ್ತರ ಚಿಕ್ಕದಿರಲಿ, ಕಾರಣ ಕೊಡುವುದು ಬೇಡ: ಕಾರಣ ಕೊಟ್ಟರೆ ವಾದ ಶುರು. ಮನೆಯವರೊಂದಿಗೆ ಒಂದು ಗುಟ್ಟಿನ ಮೆಸೇಜ್ ಗೊತ್ತುಮಾಡಿಕೊಂಡಿರಬೇಕು. ಅದು ಬಂದ ಕೂಡಲೇ ಅಪ್ಪನೋ ಅಮ್ಮನೋ ಫೋನ್ ಮಾಡಿ ಕರೆಸಿಕೊಳ್ಳಬೇಕು. ಆ ರಾತ್ರಿ ವಿಚಾರಣೆ ಕೂಡದು. ಬೈಸಿಕೊಂಡವನು ಎರಡನೆಯ ಸಲ ಮೆಸೇಜ್ ಕಳಿಸುವುದಿಲ್ಲ.

ವಿರೋಧ

ಮೊದಲ ದಮ್ಮಿನ ಮಟ್ಟಿಗೆ ಇದೆಲ್ಲ ಒಪ್ಪತಕ್ಕದ್ದೇ. ಆದರೆ ಅದೇ ಗುಂಪಿನ ಉಳಿದವರು ರುಚಿ ನೋಡಿ ಬಿಟ್ಟಾಗ ಒಬ್ಬನಿಗೆ ಮಾತ್ರ ಚಟ ಅಂಟುವುದೇಕೆ? ಅಲ್ಲದೆ ಸೇದುವವರು ಸೇದುವವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಗೆಳೆಯರ ನಡುವಿನ ಹೋಲಿಕೆಯಲ್ಲಿ ಪ್ರಭಾವದಷ್ಟೇ ಆಯ್ಕೆಯ ಪಾಲೂ ಇದೆಯೆಂದು ಸಮಾಜಶಾಸ್ತ್ರಜ್ಞೆ ಡೆನಿಸ್ ಕ್ಯಾಂಡೆಲ್ 1978ರಲ್ಲೇ ತೋರಿಸಿದ್ದರು.

ಚಟ ಉಳಿದುಕೊಳ್ಳುವುದು ಅದು ಮಾಡಿಕೊಡುವ ಕೆಲಸದಿಂದ. ಸ್ವಭಾವತಃ ಆತಂಕದ ಹುಡುಗಿಯನ್ನೇ ನೋಡಿ. ಸೇದಿದ ಸುಮಾರು ಎರಡು ಗಂಟೆಯಲ್ಲಿ ರಕ್ತದ ನಿಕೋಟಿನ್ ಅರ್ಧಕ್ಕಿಳಿಯುತ್ತದೆ. ಅಭ್ಯಾಸ ಬಲಿತಿದ್ದರೆ ತರಗತಿಯಲ್ಲೇ ಚಡಪಡಿಕೆ, ಸಿಡುಕು. ಇನ್ನೊಂದು ದಮ್ಮಿಗೆ ಅದು ಇಳಿಯುತ್ತದೆ. ನಿಕೋಟಿನ್ ತಾನೇ ಎಬ್ಬಿಸಿದ ಆತಂಕವನ್ನು ತಾನೇ ಇಳಿಸುತ್ತಿದೆ; ಅವಳಿಗೆ ಮಾತ್ರ ಅದು ಔಷಧಿಯಂತೆ ಕಾಣುತ್ತದೆ. ಇಲ್ಲಿ ಗೆಳತಿಯರ ಪಾತ್ರ ಎಂದೋ ಮುಗಿದಿದೆ.

ಶಾಲಾಮಕ್ಕಳನ್ನು ವ್ಯಸನದಿಂದ ದೂರವಿಡಲು ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಕಾನ್‌ರಾಡ್ ರೂಪಿಸಿದ ಪ್ರಿವೆಂಚರ್ ಕಾರ್ಯಕ್ರಮ ನೋಡುವುದು ಸ್ವಭಾವವನ್ನು: ಹತಾಶೆ, ಆತಂಕ, ದುಡುಕು, ರೋಮಾಂಚನದ ಹಂಬಲ. ಒಂದೊಂದಕ್ಕೂ ಬೇರೆ ಚಿಕ್ಕ ಗುಂಪು, 90 ನಿಮಿಷದ ಎರಡು ಬೈಠಕ್. ಎಲ್ಲರಿಗೂ ಒಂದೇ ಪಾಠ ಒಪ್ಪಿಸುವುದಕ್ಕಿಂತ ಇದು ಎಷ್ಟೋ ಮೇಲು.

ಗೆಳೆಯರನ್ನೇ ದೂರಿದರೆ ಆಗುವ ಎಡವಟ್ಟೂ ಇದೆ. ಫೋನ್ ಕಸಿದು ಸಹವಾಸ ಬಿಡಿಸಿದರೆ ಒಂಟಿಯಾದ ಮಗುವಿಗೆ ಉಳಿಯುವುದು ಆ ವಸ್ತುವೊಂದೇ. ಅದರ ಬದಲು ಕೇಳಬೇಕಾದದ್ದು: ಯಾವ ಹೊತ್ತಿನಲ್ಲಿ, ಅದಕ್ಕೆ ಮುಂಚೆ ಮನಸ್ಸು ಹೇಗಿತ್ತು, ಒಬ್ಬನೇ ಇದ್ದಾಗಲೂ ಬೇಕೆನಿಸುತ್ತದೆಯೇ? ಕೊನೆಯದಕ್ಕೆ ಹೌದೆಂದರೆ ಗೆಳೆಯರ ಮನೆಬಾಗಿಲಿಗೆ ಜಗಳಕ್ಕೆ ಹೋಗುವ ಬದಲು ಆಪ್ತಸಮಾಲೋಚಕರ ಬಳಿಗೆ ಕರೆದೊಯ್ಯಬೇಕು.